ರಸ್ತೆ ನಿರ್ವಹಣೆ ಖಾಸಗಿಗೆ ಕೊಟ್ರೆ ಗುಂಡಿ ಮುಚ್ಚೋದು ಯಾರು? ಪಿಪಿಪಿ ಬಗ್ಗೆ ನೀವು ತಿಳಿದಿರಬೇಕಾದ್ದು

ಪೇಟೆ ಬೀದಿಗೆ ಡಾಂಬರು ಹಾಕಿ ವರ್ಷ ತುಂಬೋದರೊಳಗೆ ಜಲ್ಲಿ ಎದ್ದು ಬರೋದು ಹೊಸ ಸುದ್ದಿಯೇನಲ್ಲ. ಗುತ್ತಿಗೆದಾರ ಬಿಲ್ ಪಡೆದು ಹೋಗಿರ್ತಾನೆ, ಕಚೇರಿಯಲ್ಲಿ ಕೇಳಿದ್ರೆ ಅನುದಾನ ಇಲ್ಲ ಅಂತಾರೆ, ಧೂಳು ಮಾತ್ರ ಅಂಗಡಿಯೊಳಗೆ ಬಂದು ಕೂರುತ್ತೆ. ಇದಕ್ಕೆ ಪರಿಹಾರ ಅಂತ ಆಗಾಗ ಕೇಳಿಬರುವ ಹೆಸರು ಪಿಪಿಪಿ, ಅಂದ್ರೆ ಸರ್ಕಾರಿ-ಖಾಸಗಿ ಸಹಭಾಗಿತ್ವ. ಇದು ಹೇಗೆ ನಡೆಯುತ್ತೆ, ಮಾಡಿ ನೋಡಿದ ಊರುಗಳಲ್ಲಿ ಏನಾಯ್ತು ಎಂಬ ಮಾಹಿತಿ ಇಲ್ಲಿದೆ.

ಮಾಮೂಲಿ ಟೆಂಡರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಟೆಂಡರ್‌ನಲ್ಲಿ ಎಷ್ಟು ಕೆಲಸ ಆಯ್ತು ಅಂತ ಅಳತೆ ಪುಸ್ತಕದಲ್ಲಿ ಬರೆದು ಹಣ ಕೊಡ್ತಾರೆ. ನಿಗದಿತ ಅವಧಿಯವರೆಗೆ ಮಾತ್ರ ದೋಷದ ಹೊಣೆ ಗುತ್ತಿಗೆದಾರನದು. ಅದು ಮುಗಿದ ಮೇಲೆ ಗುಂಡಿ ಬಿದ್ರೆ ಮತ್ತೆ ಹೊಸ ಅಂದಾಜು ಪಟ್ಟಿ, ಹೊಸ ಟೆಂಡರ್.

ಪಿಪಿಪಿಯಲ್ಲಿ ಕಂಪನಿ ತಾನೇ ಬಂಡವಾಳ ಹಾಕಿ ರಸ್ತೆ ಮಾಡಿ, ಹದಿನೈದೋ ಇಪ್ಪತ್ತೈದೋ ವರ್ಷ ಅದನ್ನು ನೋಡಿಕೊಳ್ಳುತ್ತೆ. ರಸ್ತೆ ಚೆನ್ನಾಗಿದ್ರೆ ಪೂರ್ತಿ ಹಣ, ಕೆಟ್ಟಿದ್ರೆ ಕಡಿತ. ಕಳಪೆ ಕೆಲಸ ಮಾಡಿದ್ರೆ ಮುಂದೆ ರಿಪೇರಿ ಖರ್ಚು ಕಂಪನಿಯ ಮೇಲೇ ಬೀಳುತ್ತೆ, ಹಾಗಾಗಿ ಮೊದಲೇ ಗಟ್ಟಿಯಾಗಿ ಮಾಡ್ತಾರೆ ಅನ್ನೋದು ಇದರ ಲೆಕ್ಕಾಚಾರ.

ದುಡ್ಡು ಎಲ್ಲಿಂದ ಬರುತ್ತೆ?

ಹೆದ್ದಾರಿಯಲ್ಲಾದ್ರೆ ಟೋಲ್ ಇದೆ. ಊರೊಳಗಿನ ಬೀದಿಗೆ ಟೋಲ್ ಗೇಟ್ ಹಾಕೋಕಾಗಲ್ಲ. ಬಸ್ ತಂಗುದಾಣ, ಸ್ಕೈವಾಕ್‌ನಂಥವನ್ನು ಕಟ್ಟಿದವರು ಜಾಹೀರಾತಿನಿಂದ ಹಣ ವಾಪಸ್ ಪಡೀತಾರೆ. ಕೆಲವು ಕಡೆ ಪಾರ್ಕಿಂಗ್ ಶುಲ್ಕದ ದಾರಿ ಇದೆ. ಇಡೀ ರಸ್ತೆಗಳ ವಿಷಯಕ್ಕೆ ಬಂದ್ರೆ ಹೆಚ್ಚಾಗಿ ಬಳಸೋದು ಆ್ಯನ್ಯುಟಿ ಪದ್ಧತಿ. ಅಂದ್ರೆ ಸರ್ಕಾರ ಕಂಪನಿಗೆ ಕಂತಿನಲ್ಲಿ ನಿಗದಿತ ಮೊತ್ತ ಕೊಡುತ್ತೆ. ಕೊನೆಗೆ ದುಡ್ಡು ನಮ್ಮ ತೆರಿಗೆಯದ್ದೇ. ಪಿಪಿಪಿ ಅಂದ್ರೆ ಪುಕ್ಕಟೆ ರಸ್ತೆ ಅಲ್ಲ, ಕಂತಿನ ರಸ್ತೆ.

ತಿರುವನಂತಪುರ: ಪಕ್ಕದ ರಾಜ್ಯದ ಪ್ರಯೋಗ

ಕೇರಳ ರಸ್ತೆ ನಿಧಿ ಮಂಡಳಿ 2004ರಲ್ಲಿ ರಾಜಧಾನಿಯ ಸುಮಾರು 42 ಕಿ.ಮೀ. ನಗರ ರಸ್ತೆಗಳನ್ನು ಆ್ಯನ್ಯುಟಿ ಪದ್ಧತಿಯಲ್ಲಿ ಒಪ್ಪಿಸಿತು. ಗುತ್ತಿಗೆ ಹಿಡಿದದ್ದು ಐಎಲ್‌ ಅಂಡ್ ಎಫ್‌ಎಸ್ ಸಮೂಹಕ್ಕೆ ಸೇರಿದ ಕಂಪನಿ. ಕಟ್ಟಿದ ಮೇಲೆ 15 ವರ್ಷ ನಿರ್ವಹಣೆ ಕೂಡ ಅದರದೇ. ಆದರೆ ಅಗಲೀಕರಣಕ್ಕೆ ಜಾಗ ಬಿಡಿಸಿಕೊಡಬೇಕಿದ್ದದ್ದು ಸರ್ಕಾರ. ಭೂಸ್ವಾಧೀನ ತಡವಾಗಿ ಕಾಮಗಾರಿ ಹಂತ ಹಂತವಾಗಿ ವರ್ಷಗಟ್ಟಲೆ ಎಳೆಯಿತು. ಖಾಸಗಿಯವರು ಬಂದ್ರೆ ಸರ್ಕಾರದ ಪಾಲಿನ ಕೆಲಸ ತಪ್ಪಲ್ಲ ಅನ್ನೋದಕ್ಕೆ ಇದು ಉದಾಹರಣೆ.

ಬರ್ಮಿಂಗ್‌ಹ್ಯಾಮ್: ಪಟ್ಟಿ ಸರಿ ಇಲ್ಲದಿದ್ರೆ ಕೋರ್ಟು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರ ಪಾಲಿಕೆ 2010ರಲ್ಲಿ ಆಮಿ ಎಂಬ ಕಂಪನಿ ಜೊತೆ 25 ವರ್ಷಕ್ಕೆ ಸುಮಾರು 270 ಕೋಟಿ ಪೌಂಡ್‌ನ ಒಪ್ಪಂದ ಮಾಡಿಕೊಂಡಿತು. ರಸ್ತೆ, ಫುಟ್‌ಪಾತ್, ಬೀದಿದೀಪ ಎಲ್ಲ ಅದರಲ್ಲಿತ್ತು. ಶುರುವಿನಲ್ಲಿ ಮಾಡಿದ್ದ ರಸ್ತೆಗಳ ವಿವರದಲ್ಲೇ ತಪ್ಪುಗಳಿದ್ದವು. ಹಾಗಾದ್ರೆ ರಿಪೇರಿ ಮಾಡಬೇಕಾದ್ದು ಪಟ್ಟಿಯಲ್ಲಿರುವಂತೆಯೋ, ನಿಜವಾದ ರಸ್ತೆ ನೋಡಿಯೋ? ಜಗಳ ಕೋರ್ಟಿಗೆ ಹೋಯ್ತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಪಾಲಿಕೆ ಪರ ಬಂತು. 2019ರಲ್ಲಿ 21.5 ಕೋಟಿ ಪೌಂಡ್ ಕಟ್ಟಿಕೊಡಲು ಒಪ್ಪಿ ಕಂಪನಿ ಗುತ್ತಿಗೆಯಿಂದ ಹೊರನಡೆಯಿತು.

ಶೆಫೀಲ್ಡ್: ಗುಟ್ಟಾಗಿದ್ದ ಒಂದು ಸಾಲು

ಅದೇ ಕಂಪನಿ ಜೊತೆ ಶೆಫೀಲ್ಡ್ ನಗರ 2012ರಲ್ಲಿ 25 ವರ್ಷದ ಒಪ್ಪಂದ ಮಾಡಿಕೊಂಡಿತು. ರಸ್ತೆ ಬದಿಯ ಮರಗಳ ನಿರ್ವಹಣೆಯೂ ಅದರಲ್ಲಿ ಸೇರಿತ್ತು. ನೋಡನೋಡುತ್ತಿದ್ದಂತೆ ಸಾವಿರಾರು ಮರ ಉರುಳಿದವು, ಜನ ಬೀದಿಗಿಳಿದರು. 17,500 ಮರಗಳನ್ನು ತೆಗೆದು ಬೇರೆ ಸಸಿ ನೆಡುವ ಅಂಶ ಒಪ್ಪಂದದಲ್ಲೇ ಇತ್ತು ಅನ್ನೋದು ಮಾಹಿತಿ ಹಕ್ಕಿನ ಅರ್ಜಿಯಿಂದ ಹೊರಬಿದ್ದದ್ದು 2018ರಲ್ಲಿ. ಅಷ್ಟರಲ್ಲಿ 5 ಸಾವಿರಕ್ಕೂ ಹೆಚ್ಚು ಮರ ಹೋಗಿದ್ದವು.

ನಮ್ಮೂರಿಗೆ ಬಂದರೆ ಏನು ಕೇಳಬೇಕು?

ಮೂರೂ ಊರಿನ ಕಥೆ ಹೇಳೋದು ಒಂದೇ: ಕಂಪನಿ ಯಾವುದು ಅನ್ನೋದಕ್ಕಿಂತ ಒಪ್ಪಂದದಲ್ಲಿ ಏನು ಬರೆದಿದೆ, ಅದನ್ನು ಅಳೆದು ನೋಡೋರು ಯಾರು ಅನ್ನೋದು ಮುಖ್ಯ. ಸಹಿ ಬೀಳುವ ಮೊದಲೇ ವಾರ್ಡ್ ಸದಸ್ಯರನ್ನೂ ಮುಖ್ಯಾಧಿಕಾರಿಯನ್ನೂ ಕೇಳಬೇಕಾದ ಪ್ರಶ್ನೆಗಳು ಇವು:

• ನಮ್ಮ ಬೀದಿ ಪಟ್ಟಿಯಲ್ಲಿದೆಯಾ? ಚರಂಡಿ, ಫುಟ್‌ಪಾತ್, ಬೀದಿದೀಪ, ಮರ ಸೇರಿವೆಯಾ, ಬರೀ ಡಾಂಬರಾ?
• ಗುಂಡಿ ಬಿದ್ರೆ ಎಷ್ಟು ದಿನದಲ್ಲಿ ಮುಚ್ಚಬೇಕು? ಮುಚ್ಚದಿದ್ರೆ ಎಷ್ಟು ಕಡಿತ?
• ನೀರಿನ ಪೈಪ್‌ಗೋ ಕೇಬಲ್‌ಗೋ ಬೇರೆಯವರು ರಸ್ತೆ ಅಗೆದ್ರೆ ಸರಿಪಡಿಸೋ ಹೊಣೆ ಯಾರದು?
• ತಪಾಸಣೆ ಮಾಡೋ ಎಂಜಿನಿಯರ್ ಕಂಪನಿಯವರಾ, ಹೊರಗಿನವರಾ? ವರದಿ ಜನರಿಗೆ ಸಿಗುತ್ತಾ?
• ಅಂಗಡಿ ಮುಂದಿನ ಪಾರ್ಕಿಂಗ್, ಬೀದಿ ವ್ಯಾಪಾರಿಗಳ ಜಾಗ, ಫಲಕಗಳ ಮೇಲೆ ಕಂಪನಿಗೆ ಹಕ್ಕು ಇದೆಯಾ?
• ಕಂಪನಿ ಮುಳುಗಿದ್ರೆ ಮುಂದೇನು? ತಿರುವನಂತಪುರದ ಗುತ್ತಿಗೆ ಹಿಡಿದಿದ್ದ ಐಎಲ್‌ ಅಂಡ್ ಎಫ್‌ಎಸ್ ಸಮೂಹವೇ 2018ರಲ್ಲಿ ಸಾಲ ತೀರಿಸಲಾಗದೆ ಕುಸಿದಿತ್ತು ಅನ್ನೋದು ನೆನಪಿರಲಿ.

ಬಾಯಿಮಾತಿನ ಉತ್ತರ ಸಾಲದು ಅನ್ನಿಸಿದ್ರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಕಾಯ್ದೆಯಡಿ ಒಪ್ಪಂದದ ಪ್ರತಿ ಕೇಳಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು ಅನ್ನುತ್ತೆ ಕಾಯ್ದೆ. ಇದು ಒಂದೆರಡು ವರ್ಷದ ಕೆಲಸವಲ್ಲ. ಇವತ್ತು ಸಹಿ ಹಾಕಿದವರು ವರ್ಗವಾಗಿ ಹೋಗ್ತಾರೆ, ಸದಸ್ಯರು ಬದಲಾಗ್ತಾರೆ. ಅದೇ ಬೀದಿಯಲ್ಲಿ ಅಂಗಡಿ ಬಾಗಿಲು ತೆರೆಯೋರು ಮಾತ್ರ ನಾವೇ. ಹಾಗಾಗಿ ವರ್ತಕರ ಸಂಘದವರು ಒಪ್ಪಂದದ ಒಂದು ಪ್ರತಿ ತಮ್ಮ ಬಳಿ ಇಟ್ಟುಕೊಳ್ಳೋದು ಒಳ್ಳೆಯದು.