ಬಾಯ್ಲರ್ ತಯಾರಕ
ಉಕ್ಕಿನ ತಗಡು ಬಾಗಿಸಿ, ಕೊಳವೆ ಕೂಡಿಸಿ, ಬೆಸೆದು ಆವಿಯ ಒತ್ತಡ ತಾಳುವ ಬಾಯ್ಲರ್ ಕಟ್ಟುವ, ದುರಸ್ತಿ ಮಾಡುವ ಕುಶಲಕರ್ಮಿ. ಅದನ್ನು ನಡೆಸುವ ಅಟೆಂಡೆಂಟ್ ಬೇರೆ. ದಕ್ಷಿಣ ಬೆಂಗಳೂರಿನಲ್ಲಿ ಈ ಕಸುಬಿನ ಸಾಮಾನ್ಯ ಹಾದಿ ಐಟಿಐ: 1 ವರ್ಷದ ವೆಲ್ಡರ್ ಇಲ್ಲವೇ 2 ವರ್ಷದ ಫಿಟರ್ ತರಬೇತಿ, ಬಳಿಕ ಅಪ್ರೆಂಟಿಸ್‌ಗಿರಿ. ಬಿಟಿಎಂ ಲೇಔಟ್‌ಗೆ ಸಮೀಪದ ಡೇರಿ ಸರ್ಕಲ್ ಬಳಿ ಸರ್ಕಾರಿ ಐಟಿಐಯೂ ಬಾಯ್ಲರ್ ಇಲಾಖೆಯಿರುವ ಕಾರ್ಮಿಕ ಭವನವೂ ಇವೆ. ಕೈ ಪಳಗಿದ್ದರೆ ಸಾಕು, ಸರ್ಟಿಫಿಕೇಟ್ ಏಕೆಂಬ ಆಕ್ಷೇಪ ಗ್ರಿಲ್ ಕೆಲಸಕ್ಕೆ ಒಪ್ಪೀತು, ಇಲ್ಲಿಗಲ್ಲ: ಬೆಸುಗೆಯೊಳಗಿನ ಗುಳ್ಳೆ ಹೊರಗೆ ಕಾಣದು, ಒತ್ತಡದಲ್ಲಿ ಅದೇ ಬಿರುಕಿಗೆ ಮೂಲವಾದೀತು. ಹಾಗಾಗಿಯೇ 1950ರ ಭಾರತೀಯ ಬಾಯ್ಲರ್ ನಿಯಮಾವಳಿ ವೆಲ್ಡರ್ ಬೆಸೆದ ಮಾದರಿ ತುಂಡನ್ನು ಪರೀಕ್ಷೆಗೊಳಪಡಿಸುತ್ತದೆ. 1923ರ ಕಾಯ್ದೆಯ ಜಾಗಕ್ಕೆ ಬಂದ 2025ರ ಬಾಯ್ಲರ್ ಕಾಯ್ದೆಯೂ ದುರಸ್ತಿಯನ್ನು ಅರ್ಹತಾ ಪತ್ರವುಳ್ಳವರಿಗೇ ಬಿಡುತ್ತದೆ.