ಡಿಗ್ರಿಯಲ್ಲಿ ಗಣಿತ ತಗೊಂಡರೆ ಮುಂದೇನು? ಕಾಲೇಜು ಸೇರುವ ಮೊದಲು ತಿಳಿದಿರಬೇಕಾದ್ದು

ಕಡೂರು: ಪಿಯು ಫಲಿತಾಂಶ ಬಂದರೆ ಸಾಕು, ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ: 'ಬಿಎಸ್ಸಿ ಗಣಿತ ಓದಿದ್ರೆ ಮೇಷ್ಟ್ರಾಗಬಹುದು, ಇನ್ನೇನಿದೆ?' ಮೇಷ್ಟ್ರ ಕೆಲಸ ಸಣ್ಣದೇನಲ್ಲ, ಆದರೆ ಅದೊಂದೇ ದಾರಿಯೂ ಅಲ್ಲ. ಯಾವ ದಾರಿ ತೆರೆಯುತ್ತದೆ ಅನ್ನೋದನ್ನ ಬಹಳಷ್ಟು ಸಲ ಗಣಿತದ ಜೊತೆ ಆರಿಸಿಕೊಂಡ ವಿಷಯ ತೀರ್ಮಾನಿಸುತ್ತದೆ. ಇದು ಗೊತ್ತಾಗೋದು ಮೂರು ವರ್ಷ ಮುಗಿದ ಮೇಲೆ ಅನ್ನೋದೇ ತೊಂದರೆ.

ಸರ್ಕಾರಿ ಹೈಸ್ಕೂಲಿನ ಗಣಿತ ಶಿಕ್ಷಕರ ಹುದ್ದೆಗಳನ್ನು 'ಪಿಸಿಎಂ' ಎಂದೇ ಕರೆಯುತ್ತಾರೆ. ಹಾಗಾಗಿ ಶಿಕ್ಷಕರಾಗಲೇಬೇಕು ಅನ್ನುವವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೋಡಿಯೇ ಸುರಕ್ಷಿತ. ಕಂಪ್ಯೂಟರ್ ಸೈನ್ಸ್ ತಗೊಳ್ಳುವವರು ಹಿಂದಿನ ನೇಮಕಾತಿ ಅಧಿಸೂಚನೆಯನ್ನು ಒಮ್ಮೆ ಓದಿಯೇ ಸೇರುವುದು ಒಳ್ಳೆಯದು. ಮೇಲೆ ಎರಡು ವರ್ಷದ ಬಿ.ಇಡಿ ಬೇಕು. ಪಿಯು ಉಪನ್ಯಾಸಕರಿಗೆ ಎಂಎಸ್ಸಿ ಜೊತೆಗೆ ಬಿ.ಇಡಿ, ಡಿಗ್ರಿ ಕಾಲೇಜಿಗೆ ಎಂಎಸ್ಸಿ ಜೊತೆಗೆ ಕೆ-ಸೆಟ್ ಅಥವಾ ನೆಟ್ ಪಾಸಾಗಿರಬೇಕು.

ನಮ್ಮ ಕಡೆ ಕಡಿಮೆ ಜನ ಯೋಚಿಸುವ ಜೋಡಿ ಸಂಖ್ಯಾಶಾಸ್ತ್ರ. ಯುಪಿಎಸ್‌ಸಿ ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆ ಬರೆಯಲು ಪದವಿಯಲ್ಲಿ ಈ ವಿಷಯ ಇರಲೇಬೇಕು. ಬರೀ ಗಣಿತ ಸಾಲದು. ಎಸ್‌ಎಸ್‌ಸಿಯ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆಗಾದರೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿರಬೇಕು, ಇಲ್ಲವೇ ಪದವಿಯ ಜೊತೆಗೆ ಪಿಯು ಗಣಿತದಲ್ಲಿ ಶೇ 60 ಅಂಕ ಇರಬೇಕು. ದ್ವಿತೀಯ ಪಿಯು ಅಂಕಪಟ್ಟಿ ಇಷ್ಟು ದೂರ ಬರುತ್ತೆ ಅಂತ ಎಷ್ಟು ಮಕ್ಕಳಿಗೆ ಗೊತ್ತು?

ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯಲ್ಲಿ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಕಲ್ಕತ್ತಾಗೆ ಹೋದವರು ಅಲ್ಲಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. 1945ರ ಅವರ ಪ್ರಬಂಧ ಇಂದಿಗೂ ಪಠ್ಯದಲ್ಲಿದೆ. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಪಿಯು ನಂತರವೇ ಬಿ.ಮ್ಯಾಥ್ ಸೇರಬಹುದು. ಪ್ರವೇಶ ಪರೀಕ್ಷೆ ಕಷ್ಟದ್ದು. ಆದರೆ ಸೀಟು ಸಿಕ್ಕವರಿಗೆ ಬೋಧನಾ ಶುಲ್ಕವಿಲ್ಲ, ತಿಂಗಳಿಗಿಷ್ಟು ಎಂದು ವಿದ್ಯಾರ್ಥಿವೇತನವೂ ಇದೆ.

ಎಂಎಸ್ಸಿಗೆ ಹತ್ತಿರದಲ್ಲಿರುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ತರೀಕೆರೆಯವರಿಗಂತೂ ದೂರವೇ ಅಲ್ಲ. ಐಐಟಿಯಲ್ಲಿ ಎಂಎಸ್ಸಿ ಮಾಡಲು 'ಜ್ಯಾಮ್' ಪರೀಕ್ಷೆ ಇದೆ. ಮೂರು ಗಂಟೆ, 100 ಅಂಕ. ಗಣಿತಕ್ಕೆ, ಗಣಿತೀಯ ಸಂಖ್ಯಾಶಾಸ್ತ್ರಕ್ಕೆ ಬೇರೆ ಬೇರೆ ಪತ್ರಿಕೆ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಸಾಫ್ಟ್‌ವೇರ್ ಕಡೆ ಮನಸ್ಸಿದ್ದರೆ ಪಿಜಿಸಿಇಟಿ ಬರೆದು ಎಂಸಿಎ ಸೇರಬಹುದು. ವಿಮಾ ಕಂಪನಿಗಳಿಗೆ ಅಪಾಯದ ಲೆಕ್ಕ ಹಾಕುವ ಆಕ್ಚುಯರಿ ಆಗಬೇಕಾದರೆ ಮೊದಲ ಮೆಟ್ಟಿಲು 'ಎಸೆಟ್' ಪರೀಕ್ಷೆ. ಅದನ್ನು ಪಿಯು ಆದ ಮೇಲೇ ಬರೆಯಬಹುದು, ಆದರೆ ಪೂರ್ತಿ ಆಕ್ಚುಯರಿ ಆಗಲು ವರ್ಷಗಟ್ಟಲೆ ಪರೀಕ್ಷೆಗಳಿವೆ.

ಇನ್ನು ಓದಿನ ವಿಷಯ. ಪಿಯುನಲ್ಲಿ 'ಲೆಕ್ಕ ಚೆನ್ನಾಗಿ ಮಾಡ್ತಾನೆ' ಅನಿಸಿಕೊಂಡವರೂ ಡಿಗ್ರಿಯಲ್ಲಿ ಎಡವುವುದುಂಟು. ಅಲ್ಲಿ ಉತ್ತರ ಬಂದರೆ ಸಾಲದು, ಯಾಕೆ ಅಂತ ಸಾಧಿಸಿ ತೋರಿಸಬೇಕು. ಗ್ರೂಪ್ ಥಿಯರಿ, ರಿಯಲ್ ಅನಾಲಿಸಿಸ್ ಪಾಠಗಳಲ್ಲಿ ಅಂಕಿಗಿಂತ ಮಾತೇ ಜಾಸ್ತಿ. ಗೈಡ್ ಉರು ಹೊಡೆದು ಪಾಸಾದವರು ಜ್ಯಾಮ್, ಕೆ-ಸೆಟ್‌ನಲ್ಲಿ ಸಿಕ್ಕಿಬೀಳುವುದು ಇಲ್ಲೇ. ಸೇರುವ ಮೊದಲು ಕಾಲೇಜಿನ ಲೈಬ್ರರಿಯಲ್ಲಿ ಈ ಎರಡರ ಪುಸ್ತಕ ತೆಗೆದು ಹತ್ತು ಪುಟ ನೋಡಿದರೆ ಇಷ್ಟವಾಗುತ್ತೋ ಇಲ್ಲವೋ ಅಂದಾಜು ಸಿಗುತ್ತದೆ.