ಅಲಾಯಿ ಕುಣಿ (ಆದವಾನಿ ಸೀಮೆ)

ಮೊಹರಂ ಆಚರಣೆಯಲ್ಲಿ ಪೀರ್ ದೇವರುಗಳ ಮುಂದೆ ತೋಡಿ ಬೆಂಕಿ ಹಾಕುವ ಕುಣಿ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಹಬ್ಬಕ್ಕೆ ಪೀರಲ ಹಬ್ಬ, ಅಲಾಯಿ ಹಬ್ಬ ಎಂಬ ಹೆಸರುಗಳಿವೆ.

ಇತಿಹಾಸ: ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತರಾದ ಪ್ರವಾದಿಯ ಮೊಮ್ಮಗ ಹುಸೇನರ ಸ್ಮರಣೆಯನ್ನು ದಖನ್ನಿನಲ್ಲಿ ಬೆಳೆಸಿದ್ದು ಬಿಜಾಪುರ, ಗೋಲ್ಕೊಂಡ ಅರಸರ ಆಶ್ರಯ. 1565ರ ಯುದ್ಧದ ಬಳಿಕ ವಿಜಯನಗರದ ಆದವಾನಿ ಕೋಟೆ ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಬಿಜಾಪುರದ ಅಧಿಕಾರಿ ಸಿದ್ದಿ ಮಸೂದ್ ಖಾನ್ 1688ರಲ್ಲಿ ಕೋಟೆಯನ್ನು ಮೊಗಲರಿಗೆ ಒಪ್ಪಿಸಿದ. ಊರಿನ ಜಾಮಿಯಾ ಮಸೀದಿ ಅವನ ಕಾಲದ್ದು. ಮುಂದೆ ತನ್ನ ಕೈಗೆ ಬಂದಿದ್ದ ಈ ಸೀಮೆಯನ್ನು ನಿಜಾಮ 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಜಾಫರ್ ಷರೀಫ್ ಬರೆದು ಹರ್ಕ್ಲಾಟ್ಸ್ 1832ರಲ್ಲಿ ಇಂಗ್ಲಿಷಿಗೆ ತಂದ ‘ಕಾನೂನ್-ಎ-ಇಸ್ಲಾಂ’ ಗ್ರಂಥದಲ್ಲಿ ದಕ್ಷಿಣದ ಮೊಹರಂ ಅಗ್ನಿಕುಣಿಗಳ ವಿವರವಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಆಡಳಿತದ ಗಡಿ ಸರಿದರೂ ಹಬ್ಬದ ರೂಢಿ ಎರಡೂ ಕಡೆ ಒಂದೇ ಬಗೆಯದಾಗಿ ಉಳಿಯಿತು.

ವಿಧಿ: ಮೊಹರಂ ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಗುದ್ದಲಿ ಹಾಕಿ ಕುಣಿ ತೋಡುತ್ತಾರೆ. ಪೀರ್ ದೇವರುಗಳೆನಿಸಿದ, ಕೈಯಾಕಾರದ ಲೋಹದ ಪಂಜಾಗಳನ್ನು ಮಸೂತಿಯೊಳಗೆ ಕೂಡಿಸಿ ಲೋಬಾನದ ಹೊಗೆ ಹಾಕುತ್ತಾರೆ. ಹರಕೆಯವರು ಕುಣಿಗೆ ಕಟ್ಟಿಗೆ, ಉಪ್ಪು ಹಾಕುತ್ತಾರೆ. ಸುತ್ತ ಹೆಜ್ಜೆ ಕುಣಿತ, ಕರ್ಬಲಾ ಕಥೆ ಹೇಳುವ ರಿವಾಯತ್ ಪದಗಳು ನಡೆಯುತ್ತವೆ. ಒಂಬತ್ತನೆಯ ದಿನದ ಕತ್ತಲ ರಾತ್ರಿ ಮುಖ್ಯವಾದದ್ದು. ಪಂಜಾ ಹೊತ್ತವರು, ಹರಕೆಯವರು ಕೆಂಡ ಹಾಯುತ್ತಾರೆ. ಹತ್ತನೆಯ ದಿನ ದೇವರುಗಳು ಹೊಳೆಗೋ ಬಾವಿಗೋ ಹೋಗುತ್ತವೆ. ಹಬ್ಬ ಮುಗಿದ ಮೇಲೆ ಕುಣಿ ಮುಚ್ಚುತ್ತಾರೆ.

ಅರ್ಥ: ಹುಸೇನರ ಪಾಳೆಯದ ಹಿಂದೆ ಕಂದಕ ತೋಡಿ ಬೆಂಕಿ ಇಟ್ಟರೆಂದೂ ಕೊನೆಗೆ ಅವರ ಗುಡಾರಗಳೇ ಸುಟ್ಟುಹೋದವೆಂದೂ ಕರ್ಬಲಾ ಕಥನಗಳು ಹೇಳುತ್ತವೆ. ಹೀಗೆ ಬೆಂಕಿ ಶೋಕವನ್ನೂ ರಕ್ಷಣೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ವೀರಭದ್ರನ ಅಗ್ನಿಗುಂಡ ಹಾಯುವ ಜನಕ್ಕೆ ಇದು ಪರಕೀಯವಾಗಲಿಲ್ಲ. ಭಕ್ತಿಯ ಪರೀಕ್ಷೆ, ಹರಕೆಯ ತೀರುವಳಿ ಎಂಬ ನಂಬಿಕೆ ಎರಡಕ್ಕೂ ಸಮಾನ. ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುವುದೂ ಉಂಟು. ಚಾಂದ್ರ ವರ್ಷಕ್ಕೆ 354 ದಿನಗಳಾದ್ದರಿಂದ ಹಬ್ಬ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿದು ಎಲ್ಲ ಋತುಗಳಲ್ಲೂ ಬರುತ್ತದೆ. ಹಾಗಾಗಿ ಈ ಬೆಂಕಿ ಯಾವುದೇ ಸುಗ್ಗಿಗೆ ಕಟ್ಟುಬಿದ್ದಿಲ್ಲ.

ಇಂದು: ಇಸ್ಲಾಂ ಸುಧಾರಣಾವಾದಿಗಳು ಕೆಂಡ ಹಾಯುವುದನ್ನು, ಪಂಜಾ ಪೂಜೆಯನ್ನು ಒಪ್ಪುವುದಿಲ್ಲ. ಆದರೂ ಮುಸ್ಲಿಮರಿಲ್ಲದ ಹಳ್ಳಿಗಳಲ್ಲಿಯೂ ಹಿಂದೂ ಮನೆತನಗಳೇ ಹಬ್ಬ ನಡೆಸುವುದುಂಟು.